ಮುಖ ನೋಡಿ ಮಣೆ ಹಾಕುವ ಕಣ್ಣು

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಒಂದು ಯುದ್ಧದ ಚಿತ್ರವಿದೆ. ೧೭೮೦ರ ಸೆಪ್ಟೆಂಬರ್ ೧೦ರಂದು ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಇಂಗ್ಲಿಷ್ ಕಂಪನಿಯ ಒಂದು ಸೈನ್ಯವನ್ನು ನಿರ್ನಾಮ ಮಾಡಿದರಷ್ಟೆ. ಆ ದಿನದ ಚಿತ್ರವಿದು. ಚೌಕಾಕಾರವಾಗಿ ಒತ್ತೊತ್ತಾಗಿ ನಿಂತ ಕೆಂಪು ಅಂಗಿಯ ಸಿಪಾಯಿಗಳು, ಸಿಡಿದು ಉರಿಯುತ್ತಿರುವ ಮದ್ದಿನ ಬಂಡಿ, ನಾಲ್ಕು ಕಡೆಯಿಂದಲೂ ನುಗ್ಗಿ ಬರುತ್ತಿರುವ ಕುದುರೆಗಳು, ಇವೆಲ್ಲದರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಯ್ಲಿ. ಇತಿಹಾಸವನ್ನೇ ಓದದ ಹುಡುಗನೊಬ್ಬನನ್ನು ಆ ಗೋಡೆಯ ಮುಂದೆ ನಿಲ್ಲಿಸಿ, ಇಲ್ಲಿ ಗೆದ್ದವರಾರು, ಸೋತವರಾರು ಎಂದು ಕೇಳಿ ನೋಡಿ. ಅವನು ಒಂದು ಕ್ಷಣವೂ ತಡೆಯದೆ ಉತ್ತರ ಹೇಳುವನು. ಟಿಪ್ಪು ಹೂವನ್ನು ಹಿಡಿದು ಉದ್ಯಾನದಲ್ಲಿ ಅಡ್ಡಾಡುವವನಂತೆ ನೆಟ್ಟಗೆ, ನಿಶ್ಚಿಂತನಾಗಿ ಕುಳಿತಿದ್ದಾನೆ. ಬೇಯ್ಲಿಯಾದರೋ ಬೆರಳನ್ನು ಬಾಯಿಗೆ ಇಟ್ಟುಕೊಂಡಿದ್ದಾನೆ.

ಈ ಬೆರಳಿನ ವಿಷಯ ಸ್ವಲ್ಪ ವಿಚಾರಾರ್ಹವಾದುದು. ಪಾರಸೀಕ ಮತ್ತು ಮೊಗಲ್ ಚಿತ್ರಗಳಲ್ಲಿ ತುಟಿಗೆ ತಗುಲಿದ ಬೆರಳು ದಿಗ್ಭ್ರಮೆಯ ಸಂಕೇತ. ನಮ್ಮ ಮಾತಿನಲ್ಲಿ ಅದೇ ಬೆರಳು ಎರಡಂಗುಲ ಮೇಲೇರುತ್ತದೆ: ಅಚ್ಚರಿಗೊಂಡ ಕನ್ನಡಿಗನು ಮೂಗಿನ ಮೇಲೆ ಬೆರಳಿಡುತ್ತಾನೆ. ಸೋತ ಆಂಗ್ಲ ಸೇನಾನಿ ಆ ಹೊತ್ತಿನಲ್ಲಿ ನಿಜವಾಗಿಯೂ ಬೆರಳು ಕಚ್ಚಿದನೋ ಇಲ್ಲವೋ ಚಿತ್ರಕಾರನಿಗೆ ಬೇಕಿರಲಿಲ್ಲ. ನೋಡುವವನಿಗೆ ಅರ್ಥವಾಗುವ ಅಂಗಚೇಷ್ಟೆಯನ್ನು ಅವನು ಪರದೇಶದ ಮೈಗೆ ತೊಡಿಸಿದನು. ಈ ಗೋಡೆಯ ಚಿತ್ರವನ್ನು ಒಂದಕ್ಕಿಂತ ಹೆಚ್ಚು ಸಲ ದುರಸ್ತು ಮಾಡಿ ಮತ್ತೆ ಬರೆದಿರುವರು. ಆದುದರಿಂದ ಇಂದು ಕಾಣುವ ಪ್ರತಿಯೊಂದು ಗೆರೆಯೂ ಮೊದಲ ಕುಂಚದ್ದೆಂದು ಹೇಳುವಂತಿಲ್ಲ. ಆದರೆ ಪ್ರತಿ ಸಲವೂ ಬರೆದವನು ವೇಷ, ನಿಲುವು, ಮುಖಭಾವ ಎಂಬ ಮೂರು ಉಪಕರಣಗಳಿಂದಲೇ ಕಥೆಯನ್ನು ಹೇಳಿದ್ದಾನೆ.

ಇಂದಿನ ಪತ್ತೇದಾರಿ ಚಿತ್ರ, ಎಂದರೆ ನಾವೆಲ್ಲರೂ ಥ್ರಿಲ್ಲರ್ ಎಂದು ಕರೆಯುವ ಚಲನಚಿತ್ರ, ಇದೇ ಮೂರು ಉಪಕರಣಗಳಿಂದ ನಡೆಯುತ್ತದೆ. ಆದರೆ ಒಂದು ಭೇದವುಂಟು. ಗೋಡೆಯ ಚಿತ್ರಕಾರನಿಗೆ ನಾವು ಸರಿಯಾಗಿ ಗುರುತಿಸಬೇಕೆಂಬ ಆಸೆ. ಥ್ರಿಲ್ಲರಿನ ನಿರ್ದೇಶಕನಿಗೆ ನಾವು ಕೆಲವು ಹೊತ್ತು ತಪ್ಪಾಗಿ ಗುರುತಿಸಬೇಕೆಂಬ ಆಸೆ. ಕೊಲೆಗಾರನು ಯಾರೆಂದು ಮೊದಲನೆಯ ರೀಲಿನಲ್ಲೇ ಮುಖ ನೋಡಿ ಹೇಳಿಬಿಟ್ಟರೆ ಉಳಿದ ರೀಲುಗಳನ್ನು ನೋಡುವವರಾರು? ನಮ್ಮ ಕಣ್ಣು ಮನುಷ್ಯರನ್ನು ಹೇಗೆ ಗುರುತಿಸುತ್ತದೆ, ಎಲ್ಲಿ ಮೋಸಹೋಗುತ್ತದೆ ಎಂಬೆರಡನ್ನೂ ಆ ನಿರ್ದೇಶಕನು ಬಲ್ಲವನಾಗಿರಬೇಕು. ಅದನ್ನೇ ಇಲ್ಲಿ ನಾವು ಪರಿಶೀಲಿಸೋಣ.

ಪಂಜಿನ ಬೆಳಕಿನಲ್ಲಿ

ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆಯ ಹಳ್ಳಿಗಳಲ್ಲಿ ಮೂಡಲಪಾಯದ ಬಯಲಾಟವನ್ನು ನೋಡಿದವರಿಗೆ ರಾಕ್ಷಸನ ಪ್ರವೇಶ ಮರೆಯುವಂಥದಲ್ಲ. ಮೊದಲು ಇಬ್ಬರು ಒಂದು ತೆರೆಯನ್ನು ಹಿಡಿಯುತ್ತಾರೆ. ಅದರ ಹಿಂದಿನಿಂದ ಗರ್ಜನೆ ಕೇಳಿಸುತ್ತದೆ, ಗೆಜ್ಜೆಯ ಕಾಲಿನ ಬಡಿತ ಕೇಳಿಸುತ್ತದೆ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಅಲುಗುತ್ತದೆ. ಮುಖ ಮಾತ್ರ ಕಾಣದು. ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ಸರಿದು ತಾಯಂದಿರ ಸೆರಗನ್ನು ಹಿಡಿದ ಮೇಲೆಯೇ ತೆರೆ ಸರಿಯುವುದು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ ೧೯೭೫ರಲ್ಲಿ ತೆರೆಕಂಡ 'ಶೋಲೆ'ಯಲ್ಲಿ ಗಬ್ಬರ್ ಸಿಂಗನ ಪ್ರವೇಶವನ್ನು ನೆನೆದುಕೊಳ್ಳಿ. ಬಂಡೆಯ ಮೇಲೆ ನಡೆಯುವ ಬೂಟುಗಳು, ಕಲ್ಲಿಗೆ ಉಜ್ಜುತ್ತ ಎಳೆದುಬರುವ ನಡುಪಟ್ಟಿ; ಮುಖ ಆಮೇಲೆ. ಉಪಾಯ ಒಂದೇ. ಕಾಣದಿರುವುದನ್ನು ಮನಸ್ಸು ತನಗೆ ತೋಚಿದಷ್ಟು ಭಯಂಕರವಾಗಿ ತುಂಬಿಕೊಳ್ಳುತ್ತದೆ.

ಬಯಲಾಟದ ವೇಷ ಅಷ್ಟು ದೊಡ್ಡದೇಕೆ? ಕಿರೀಟ, ಭುಜಕೀರ್ತಿ, ಎದೆಯ ಪದಕ, ಕಪ್ಪು ಗೆರೆಗಳ ದಪ್ಪ ಮೀಸೆ, ಇವೆಲ್ಲ ಬರಿಯ ಆಡಂಬರವೆಂದು ಪಟ್ಟಣದವರು ನಗುವುದುಂಟು. ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ನಗು ನಿಲ್ಲುತ್ತದೆ. ಮನುಷ್ಯನ ಮುಖದ ಉದ್ದ ಸುಮಾರು ೨೫ ಸೆಂಟಿಮೀಟರ್ ಎನ್ನೋಣ. ಇಪ್ಪತ್ತು ಮೀಟರ್ ದೂರದಲ್ಲಿ ಕುಳಿತವನ ಕಣ್ಣಿಗೆ ಆ ಮುಖವು ಮುಕ್ಕಾಲು ಡಿಗ್ರಿಗಿಂತಲೂ ಕಡಿಮೆ ಕೋನವನ್ನು ತುಂಬುತ್ತದೆ, ಎಂದರೆ ಹುಣ್ಣಿಮೆಯ ಚಂದ್ರನ ಒಂದೂವರೆಯಷ್ಟು. ತೆರೆದ ಕಣ್ಣಿನ ರೆಪ್ಪೆಗಳ ನಡುವಣ ಅಂತರ ಒಂದು ಸೆಂಟಿಮೀಟರ್. ಅಷ್ಟು ದೂರದಿಂದ ಅದು ಡಿಗ್ರಿಯ ಅರುವತ್ತರಲ್ಲಿ ಎರಡು ಭಾಗಕ್ಕೂ ಕಡಿಮೆ. ಒಳ್ಳೆಯ ದೃಷ್ಟಿಯುಳ್ಳವನಿಗೂ ಅರುವತ್ತರಲ್ಲಿ ಒಂದು ಭಾಗಕ್ಕಿಂತ ಸಣ್ಣ ವಿವರ ಬೇರೆಯಾಗಿ ಕಾಣದು. ಹೀಗಿರುವಾಗ ಹುಬ್ಬಿನ ಸಣ್ಣ ಕುಣಿತ, ತುಟಿಯ ಅಂಚಿನ ಕಿರುನಗೆ ಹಿಂದಿನ ಸಾಲಿಗೆ ತಲುಪುವುದುಂಟೆ? ಆದುದರಿಂದ ಬಯಲಾಟದವನು ಮುಖವನ್ನು ಮೈಯಷ್ಟು ದೊಡ್ಡದಾಗಿಸುತ್ತಾನೆ. ಕಿರೀಟವು ತಲೆಯ ಎತ್ತರವನ್ನು ಹೆಚ್ಚಿಸುತ್ತದೆ, ಭುಜಕೀರ್ತಿಯು ಹೆಗಲಿನ ಅಗಲವನ್ನು ಹೆಚ್ಚಿಸುತ್ತದೆ. ವೀರನ ಸೆಟೆದ ಎದೆಯೂ ರಾಕ್ಷಸನ ಗಾತ್ರವೂ ನೆರಳಿನ ಆಕಾರದಿಂದಲೇ ತಿಳಿಯುತ್ತವೆ.

ಸಿನಿಮಾದ ಸಮೀಪದೃಶ್ಯವನ್ನು ಇದರೊಡನೆ ಹೋಲಿಸಿ. ತೆರೆಯ ಮೇಲೆ ಮೂರು ಮೀಟರ್ ಎತ್ತರದ ಮುಖ, ಹದಿನೈದು ಮೀಟರ್ ದೂರದಲ್ಲಿ ಪ್ರೇಕ್ಷಕ: ಕೋನ ಹನ್ನೊಂದು ಡಿಗ್ರಿಗೂ ಮಿಗಿಲು. ಬಯಲಿನಲ್ಲಿ ಕಂಡ ಮುಖಕ್ಕಿಂತ ಹದಿನಾರು ಪಾಲು ದೊಡ್ಡದು! ಭುಜಕೀರ್ತಿಯನ್ನು ಕಳಚಿಡುವ ಸ್ವಾತಂತ್ರ್ಯವನ್ನು ನಟನಿಗೆ ಕೊಟ್ಟದ್ದು ಈ ಹದಿನಾರು ಎಂಬ ಸಂಖ್ಯೆ. ನಾಟಕ ಕಂಪನಿಗಳಿಂದ ಬಂದ ನಮ್ಮ ಹಳೆಯ ನಟರು ಕ್ಯಾಮೆರಾದ ಮುಂದೆ ಮೊದಮೊದಲು ಅಬ್ಬರಿಸಿದಂತೆ ಕಂಡರೆ ತಪ್ಪು ಅವರದಲ್ಲ. ಅವರ ಮೈ ಹಿಂದಿನ ಸಾಲಿನ ಪ್ರೇಕ್ಷಕನಿಗಾಗಿ ಪಳಗಿದುದು.

ಬಣ್ಣದ ವಿಚಾರವೂ ಹೀಗೆಯೇ. ಎಣ್ಣೆಯ ಪಂಜಿನ ಉರಿಯಲ್ಲಿ ಕೆಂಪು ಹಳದಿ ಕಿರಣಗಳು ಹೇರಳ, ನೀಲಿ ಕಿರಣಗಳು ಅತ್ಯಲ್ಪ. ಆ ಬೆಳಕಿನಲ್ಲಿ ಕೆಂಪೂ ಚಿನ್ನದ ಬಣ್ಣವೂ ಜ್ವಲಿಸುತ್ತವೆ, ನೀಲಿ ಬಟ್ಟೆ ಕಪ್ಪಿಗೆ ತಿರುಗುತ್ತದೆ. ರಾಕ್ಷಸನ ಕೆಂಪು ಬಣ್ಣವನ್ನು ಆರಿಸಿದ ಹಿರಿಯರಿಗೆ ಬೆಳಕಿನ ಭೌತಶಾಸ್ತ್ರ ಪುಸ್ತಕದಿಂದ ಬಂದುದಲ್ಲ, ರಾತ್ರಿಗಳಿಂದ ಬಂದುದು. ಅದೇ ವೇಷವನ್ನು ಟ್ಯೂಬುದೀಪದ ಬೆಳಕಿನಲ್ಲಿ ನೋಡಿದಾಗ ಅರ್ಧ ಕಳೆ ಹೋಗಿರುತ್ತದೆ. ಚಲನಚಿತ್ರದವರಿಗೆ ಇದಕ್ಕೆ ತಲೆಕೆಳಗಾದ ತೊಂದರೆ ಬಂದಿತ್ತು. ಮೂಕಚಿತ್ರಗಳ ಕಾಲದ ಮೊದಮೊದಲ ಫಿಲ್ಮಿಗೆ ಕೆಂಪು ಬಣ್ಣವೇ ಕಾಣುತ್ತಿರಲಿಲ್ಲ. ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗುತ್ತಿತ್ತು, ಕೆಂಪು ಛಾಯೆಯ ಚರ್ಮ ಕಲೆಗಟ್ಟಿದಂತೆ ತೋರುತ್ತಿತ್ತು. ಆ ಕಾಲದ ಖಳನ ಮುಖ ಅಷ್ಟು ಕರಾಳವಾಗಿ ಕಾಣಲು ನಟನೆಯಷ್ಟೇ ರಸಾಯನವೂ ಕಾರಣ.

ತೊಗಲುಗೊಂಬೆಯಲ್ಲಿ ಮುಖಭಾವ ಬದಲಾಗುವ ಮಾತೇ ಇಲ್ಲ. ಅಲ್ಲಿ ರಾಜನ ಗೊಂಬೆ ದೊಡ್ಡದು, ಸಾಮಾನ್ಯನ ಗೊಂಬೆ ಚಿಕ್ಕದು. ಗಾತ್ರವೇ ಗುಣವನ್ನೂ ಅಂತಸ್ತನ್ನೂ ಸಾರುತ್ತದೆ. ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಲಕ್ಷ್ಮೀನಾರಾಯಣ ಗುಡಿಯ ತಳಪಟ್ಟಿಕೆಗಳಲ್ಲಿ ರಾಮಾಯಣ ಮಹಾಭಾರತಗಳನ್ನು ಕೆತ್ತಿದ್ದಾರೆ. ಅಷ್ಟು ಸಣ್ಣ ಕಲ್ಲಿನ ಮುಖದಲ್ಲಿ ಕೋಪವನ್ನು ಎಲ್ಲಿ ತೋರಿಸುವುದು? ಶಿಲ್ಪಿ ಅದನ್ನು ಮಂಡಿಯ ಬಾಗಿನಲ್ಲಿ, ಬಿಲ್ಲೆಳೆದ ತೋಳಿನಲ್ಲಿ ಇಟ್ಟಿದ್ದಾನೆ. ಅಲ್ಲಿಗೆ ಹೋದಾಗ ಮುಖಗಳನ್ನು ಕೈಯಿಂದ ಮರೆಮಾಡಿ ನೋಡಿ, ಕಥೆ ನಿಲ್ಲುವುದಿಲ್ಲ.

ಚರ್ಮಕ್ಕೆ ಅಂಟಿದ ಸ್ನಾಯುಗಳು

ಈಗ ಮುಖಕ್ಕೆ ಬರೋಣ. ನಮ್ಮ ತೋಳು ತೊಡೆಗಳ ಸ್ನಾಯುಗಳು ಎಲುಬಿನಿಂದ ಎಲುಬಿಗೆ ಹೋಗುತ್ತವೆ. ಮುಖದ ಸ್ನಾಯುಗಳಾದರೋ ಬಹುಪಾಲು ಚರ್ಮಕ್ಕೆ ಬಂದು ಸೇರುತ್ತವೆ. ಅವು ಸಂಕುಚಿಸಿದಾಗ ಚಲಿಸುವುದು ಎಲುಬಲ್ಲ, ಚರ್ಮ. ಇವುಗಳಿಗೆಲ್ಲ ಅಪ್ಪಣೆ ಒಯ್ಯುವುದು ಮಿದುಳಿನಿಂದ ಹೊರಡುವ ಏಳನೆಯ ನರ. ಫ್ರಾನ್ಸಿನ ವೈದ್ಯ ದುಶೆನ್ ಈ ಸ್ನಾಯುಗಳನ್ನು ಒಂದೊಂದಾಗಿ ವಿದ್ಯುತ್ತಿನಿಂದ ಕೆಣಕಿ, ಛಾಯಾಚಿತ್ರ ತೆಗೆದು, ೧೮೬೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಕೆನ್ನೆಯ ಸ್ನಾಯು ತುಟಿಯ ಅಂಚನ್ನು ಮೇಲೆಳೆದರೆ ನಗುವಿನ ಆಕಾರ ಬರುತ್ತದೆ. ಆದರೆ ಸಂತೋಷದ ನಗುವಿನಲ್ಲಿ ಕಣ್ಣಿನ ಸುತ್ತ ಬಳೆಯಂತಿರುವ ಇನ್ನೊಂದು ಸ್ನಾಯುವೂ ಬಿಗಿಯುತ್ತದೆ, ಕಣ್ಣಂಚಿನಲ್ಲಿ ನೆರಿಗೆ ಮೂಡುತ್ತದೆ. ಈ ಎರಡನೆಯದು ಬೇಕೆಂದಾಗ ಬರುವುದು ಕಷ್ಟವೆಂಬುದು ದುಶೆನನ ಅಭಿಪ್ರಾಯ. ತುಟಿ ನಕ್ಕು ಕಣ್ಣು ನಗದಿರುವ ಅತಿಥಿಯೊಬ್ಬನು ಮನೆಯೊಳಗೆ ಬಂದಾಗ ಚಿತ್ರಮಂದಿರದಲ್ಲಿ ನಮ್ಮ ಬೆನ್ನು ತಣ್ಣಗಾಗುವುದು ಇದರಿಂದಲೇ. ಅಭ್ಯಾಸದಿಂದ ಆ ನೆರಿಗೆಯನ್ನೂ ತರಿಸಬಲ್ಲವರು ಅನೇಕರಿರುವರೆಂದು ಈಚಿನ ಪ್ರಯೋಗಗಳು ತೋರಿಸಿವೆ. ಒಳ್ಳೆಯ ನಟರಿಗೆ ಇದು ಹೊಸ ಸಂಗತಿಯಲ್ಲ.

ಚಾರ್ಲ್ಸ್ ಡಾರ್ವಿನ್ ೧೮೭೨ರಲ್ಲಿ ಭಾವಗಳ ಅಭಿವ್ಯಕ್ತಿಯನ್ನು ಕುರಿತು ಬರೆದ ಗ್ರಂಥದಲ್ಲಿ ದುಶೆನನ ಚಿತ್ರಗಳನ್ನು ಬಳಸಿಕೊಂಡನು. ನಮ್ಮಲ್ಲಿ ಭರತನ ನಾಟ್ಯಶಾಸ್ತ್ರವು ಇದಕ್ಕಿಂತ ಬಹು ಹಿಂದೆಯೇ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂದು ನಾಲ್ಕಾಗಿ ವಿಂಗಡಿಸಿ, ಕಣ್ಣಿನ ನೋಟವೊಂದರಲ್ಲೇ ೩೬ ಬಗೆಗಳನ್ನು ಹೆಸರಿಸಿತ್ತು. ಡಾರ್ವಿನನ ಪ್ರಶ್ನೆ 'ಭಾವ ಹೀಗೇಕೆ ತೋರುತ್ತದೆ?' ಎಂಬುದು, ಭರತನ ಪ್ರಶ್ನೆ 'ತೋರಿಸುವುದು ಹೇಗೆ?' ಎಂಬುದು. ಎರಡನ್ನೂ ಬೆರೆಸಬಾರದು. ೧೯೭೮ರಲ್ಲಿ ಅಮೆರಿಕದ ಎಕ್‌ಮನ್ ಮತ್ತು ಫ್ರೀಸನ್ ಎಂಬುವರು ಮುಖದ ಪ್ರತಿಯೊಂದು ಚಲನೆಗೂ ಸಂಖ್ಯೆ ಕೊಟ್ಟು ಒಂದು ಕೋಷ್ಟಕವನ್ನೇ ಸಿದ್ಧಪಡಿಸಿದರು. ಇಂದು ಕಂಪ್ಯೂಟರಿನಲ್ಲಿ ಕೃತಕ ಮುಖಗಳಿಗೆ ಜೀವ ತುಂಬುವವರು ಆ ಕೋಷ್ಟಕವನ್ನೇ ಆಶ್ರಯಿಸುವುದುಂಟು.

ಥ್ರಿಲ್ಲರಿಗೆ ಅತ್ಯಂತ ಬೆಲೆಯುಳ್ಳ ಅಂಗ ಕಣ್ಣಿನ ಬಿಳುಪು. ನಮ್ಮಲ್ಲಿ ಕಣ್ಣಿನ ಬಿಳಿಯ ಭಾಗ ಎದ್ದು ಕಾಣುತ್ತದೆ. ಬೇರೆ ವಾನರಜಾತಿಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ಬಿಳುಪಿನ ನಡುವೆ ಕಪ್ಪು ಗುಡ್ಡೆಯಿರುವುದರಿಂದಲೇ ಎದುರಿಗಿರುವವನು ಯಾವ ಕಡೆ ನೋಡುತ್ತಿರುವನೆಂದು ದೂರದಿಂದಲೂ ತಿಳಿಯುತ್ತದೆ. ಹೆದರಿದಾಗ ರೆಪ್ಪೆ ಮೇಲೇರಿ ಬಿಳುಪು ಹೆಚ್ಚುತ್ತದೆ. ೨೦೦೪ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಣ್ಣಿನ ಬಿಳುಪನ್ನು ಮಾತ್ರ, ಅದೂ ಅರಿವಿಗೆ ಬರದಷ್ಟು ಅಲ್ಪಕಾಲ ತೋರಿಸಿದರೂ ಮಿದುಳಿನೊಳಗೆ ಅಪಾಯವನ್ನು ಗಮನಿಸುವ, ಬಾದಾಮಿಯ ಆಕಾರದ ಒಂದು ಭಾಗ ಎಚ್ಚರಗೊಂಡುದು ಕಂಡುಬಂದಿತು. ನಾಯಕಿ ಬಾಗಿಲ ಕಡೆ ತಿರುಗಿ ಕಣ್ಣರಳಿಸಿದಾಗ, ಬಾಗಿಲಲ್ಲಿ ಏನಿದೆಯೆಂದು ತೋರಿಸುವುದಕ್ಕೆ ಮೊದಲೇ ನಾವು ಕುರ್ಚಿಯ ಕೈಯನ್ನು ಹಿಡಿದುಕೊಳ್ಳುತ್ತೇವೆ. ರಾಕ್ಷಸವೇಷದವನು ಕಣ್ಣಿನ ಸುತ್ತ ಕಾಡಿಗೆ ತೀಡುವುದೂ ಬಿಳುಪನ್ನು ಎತ್ತಿ ತೋರಿಸುವುದಕ್ಕೇ. ಕನ್ನಡ ಚಿತ್ರಗಳಲ್ಲಿ 'ಮಲ್ಲಮ್ಮನ ಪವಾಡ'ದಿಂದ (೧೯೬೯) ಮೊದಲ್ಗೊಂಡು ದಶಕಗಟ್ಟಲೆ ಖಳಪಾತ್ರಗಳನ್ನು ವಹಿಸಿದ ವಜ್ರಮುನಿಯವರ ದೊಡ್ಡ ಕಣ್ಣುಗಳು ಕಾಡಿಗೆಯಿಲ್ಲದೆಯೇ ಆ ಕೆಲಸ ಮಾಡಿದವು.

ರೆಪ್ಪೆ ಬಡಿಯುವುದೂ ಒಂದು ಉಪಕರಣ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ರೆಪ್ಪೆ ಬಡಿಯುತ್ತೇವೆ. 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' (೧೯೯೧) ಚಿತ್ರದ ನರಭಕ್ಷಕ ವೈದ್ಯನ ಪಾತ್ರದಲ್ಲಿ ಆಂಥೊನಿ ಹಾಪ್‌ಕಿನ್ಸ್ ಬಹು ವಿರಳವಾಗಿ ರೆಪ್ಪೆ ಬಡಿಯುತ್ತಾರೆ. ಬಟ್ಟೆ ಶುಭ್ರ, ಮಾತು ಮೃದು, ನಿಲುವು ನೆಟ್ಟಗೆ. ಆದರೂ ನಾವು ಹೆದರುತ್ತೇವೆ. ಏಕೆಂದು ಕೇಳಿದರೆ ಬಹುಮಂದಿಗೆ ಉತ್ತರ ಹೊಳೆಯದು.

ಮುಖಭಾವ ಎಲ್ಲ ಜನಾಂಗಗಳಲ್ಲೂ ಒಂದೇ ಎಂದು ಎಕ್‌ಮನ್ ವಾದಿಸಿದನು. ಈಗ ಆ ವಾದ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪವಾಸಿಗಳಿಗೆ, ಕಣ್ಣರಳಿಸಿ ಬಾಯಿ ತೆರೆದ ಮುಖವನ್ನು ತೋರಿಸಿದಾಗ ಅವರು ಅದನ್ನು ಭಯವೆಂದಲ್ಲ, ಬೆದರಿಕೆಯೆಂದು ಓದಿದರೆಂದು ೨೦೧೬ರಲ್ಲಿ ವರದಿಯಾಯಿತು. ಇದರಲ್ಲಿ ನಮಗೆ ಅಚ್ಚರಿ ಅಷ್ಟಾಗಿ ಇಲ್ಲ. ಕಣ್ಣರಳಿಸಿ ಬಾಯ್ದೆರೆದ ಬಯಲಾಟದ ರಾಕ್ಷಸನನ್ನು 'ಪಾಪ, ಹೆದರಿದ್ದಾನೆ' ಎಂದು ನಾಗಮಂಗಲದ ಯಾವ ಮಗುವೂ ಹೇಳಲಾರದು.

ಒಂದೇ ಮುಖ, ಮೂವರು

ಒಬ್ಬನೇ ನಟನು ಒಂದೇ ಚಿತ್ರದಲ್ಲಿ ಎರಡು ಮೂರು ಪಾತ್ರಗಳನ್ನು ವಹಿಸುವುದು ನಮ್ಮ ಚಿತ್ರರಂಗದ ಹಳೆಯ ಚಪಲ. ವಿಜ್ಞಾನದ ದೃಷ್ಟಿಯಿಂದ ಇದೊಂದು ಸೊಗಸಾದ ಪ್ರಯೋಗ. ಮುಖವನ್ನು ಬದಲಿಸದೆ ಉಳಿದುದನ್ನು ಬದಲಿಸಿದರೆ ಏನಾಗುವುದೆಂದು ನೋಡಬಹುದು. ೧೯೭೮ರ 'ಶಂಕರ್ ಗುರು' ಚಿತ್ರದಲ್ಲಿ ರಾಜಕುಮಾರ್ ತಂದೆಯೂ ಹೌದು, ಇಬ್ಬರು ಮಕ್ಕಳೂ ಹೌದು. ಮೂವರಿಗೂ ಮೂಗು ಅದೇ, ಕಂಠ ಅದೇ. ಆದರೂ ಚಿತ್ರಮಂದಿರದಲ್ಲಿ ಯಾರೊಬ್ಬರಿಗೂ ಗೊಂದಲವಾಗದು. ಉಡುಪಿನಿಂದ ಮಾತ್ರವೇ ಗುರುತು ಸಿಕ್ಕುವುದೆಂದು ನಾವು ಭಾವಿಸಬಹುದು. ಅದಕ್ಕಿಂತ ಹೆಚ್ಚಿನದು ನಡೆಯಲ್ಲಿದೆ.

ಸ್ವೀಡನ್ನಿನ ವಿಜ್ಞಾನಿ ಗುನ್ನಾರ್ ಯೊಹಾನ್ಸನ್ ೧೯೭೩ರಲ್ಲಿ ಒಂದು ಪ್ರಯೋಗವನ್ನು ವರದಿಮಾಡಿದನು. ಒಬ್ಬನ ಹೆಗಲು, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹರಡುಗಳಿಗೆ ಸಣ್ಣ ಸಣ್ಣ ದೀಪಗಳನ್ನು ಕಟ್ಟಿ ಕತ್ತಲೆಯಲ್ಲಿ ನಡೆಸಿ ಚಿತ್ರ ತೆಗೆದನು. ತೆರೆಯ ಮೇಲೆ ಕಾಣುವುದು ಹತ್ತು ಹನ್ನೆರಡು ಚುಕ್ಕಿಗಳು ಮಾತ್ರ. ಚುಕ್ಕಿಗಳು ನಿಂತಿರುವಾಗ ಅವು ಏನೆಂದು ಯಾರಿಗೂ ತಿಳಿಯದು. ಚಲಿಸತೊಡಗಿದ ಒಡನೆಯೇ, ಒಂದು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ, 'ಮನುಷ್ಯ ನಡೆಯುತ್ತಿದ್ದಾನೆ' ಎಂದು ನೋಡಿದವರು ಹೇಳಿದರು. ಪರಿಚಿತರ ನಡಿಗೆಯಾದರೆ ಚುಕ್ಕಿಗಳಿಂದಲೇ ಆ ಪರಿಚಿತನನ್ನು ಗುರುತಿಸಲು ಸಾಧ್ಯವೆಂದು ೧೯೭೭ರಲ್ಲಿ ಬೇರೆ ಇಬ್ಬರು ತೋರಿಸಿದರು. ಸಂಜೆ ಗದ್ದೆಯ ಬದುವಿನ ಮೇಲೆ ಬರುವವನನ್ನು ಮುಖ ಕಾಣದಿದ್ದರೂ 'ನಮ್ಮ ಚಿಕ್ಕಪ್ಪ' ಎನ್ನುವ ಹಳ್ಳಿಯ ಹುಡುಗನಿಗೆ ಈ ಪ್ರಯೋಗ ತಮಾಷೆಯಾಗಿ ತೋರೀತು.

ಉಡುಪು ನಡೆಯನ್ನು ಬದಲಿಸುತ್ತದೆಂಬುದನ್ನೂ ಮರೆಯಬಾರದು. 'ಬೇಡರ ಕಣ್ಣಪ್ಪ'ದಲ್ಲಿ (೧೯೫೪) ಬೇಡನ ವೇಷದಲ್ಲಿ ಬಂದ ಅದೇ ರಾಜಕುಮಾರ್ ೧೯೬೮ರ 'ಜೇಡರ ಬಲೆ'ಯಲ್ಲಿ ಸಿ.ಐ.ಡಿ. ೯೯೯ ಆಗಿ ಕೋಟು, ಟೈ, ಬೂಟು ಧರಿಸಿ ಬಂದರು. ದೊರೈ-ಭಗವಾನ್ ಜೋಡಿಯ ಆ ಚಿತ್ರದ ಹಿಂದೆಯೇ 'ಗೋವಾದಲ್ಲಿ ಸಿ.ಐ.ಡಿ. ೯೯೯', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯' ಬಂದವು. ಪುರಾಣದ ವೀರನು ಎದೆಯೊಡ್ಡಿ, ಕಾಲು ಅಗಲಿಸಿ ನಿಲ್ಲುತ್ತಾನೆ. ಕಿರೀಟದ ಭಾರಕ್ಕೆ ಕತ್ತು ತಿರುಗಿಸುವುದೂ ನಿಧಾನ. ಗೂಢಚಾರನಿಗೆ ಕತ್ತು ಥಟ್ಟನೆ ತಿರುಗಬೇಕು, ಕೈ ಕೋಟಿನ ಒಳಗಿನ ಪಿಸ್ತೂಲಿನ ಹತ್ತಿರವೇ ಸುಳಿಯಬೇಕು. ಪುರಾಣದ ನಿಲುವನ್ನು ಬಿಟ್ಟು ಈ ನಿಲುವಿಗೆ ಬರಲು ಕನ್ನಡ ತೆರೆ ಹದಿನಾಲ್ಕು ವರ್ಷ ತೆಗೆದುಕೊಂಡಿತು.

ಸುನೀಲ್ ಕುಮಾರ್ ದೇಸಾಯಿಯವರ ಹಾಡುಗಳಿಲ್ಲದ 'ತರ್ಕ' (೧೯೮೯) ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಕೆಲವೇ ಪಾತ್ರಗಳು, ಅವುಗಳ ನೋಟ, ನಡುವಣ ಮೌನ. ಅದೇ ನಿರ್ದೇಶಕರ 'ಬೆಳದಿಂಗಳ ಬಾಲೆ'ಯಲ್ಲಿ (೧೯೯೫) ನಾಯಕಿಯ ಮುಖವನ್ನು ಒಮ್ಮೆಯೂ ತೋರಿಸಿಲ್ಲ. ಕೇಳುವುದು ದೂರವಾಣಿಯ ದನಿ ಮಾತ್ರ. ಪ್ರೇಕ್ಷಕರು ಆ ಮುಖವನ್ನು ತಾವೇ ಬರೆದುಕೊಂಡರು, ಮತ್ತು ಇಬ್ಬರು ಬರೆದುಕೊಂಡ ಮುಖ ಒಂದೇ ಆಗಿರಲಾರದು.

ನೆರೆಯ ದೃಶ್ಯ ಬರೆದ ಮುಖಭಾವ

ನಾವು ನಟನ ಮುಖದಲ್ಲಿ ಕಾಣುವುದೆಲ್ಲವೂ ನಟನದಲ್ಲ. ರಷ್ಯದ ಕುಲೆಶೋವ್ ಎಂಬ ನಿರ್ದೇಶಕನು ಸುಮಾರು ನೂರು ವರ್ಷಗಳ ಹಿಂದೆ ಮೊಝುಖಿನ್ ಎಂಬ ನಟನ ನಿರ್ವಿಕಾರವಾದ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ, ಹೀಗೆ ಬೇರೆ ಬೇರೆ ದೃಶ್ಯಗಳೊಡನೆ ಜೋಡಿಸಿದನಂತೆ. ಮೊದಲನೆಯದರಲ್ಲಿ ಹಸಿವೆಯನ್ನೂ ಎರಡನೆಯದರಲ್ಲಿ ಶೋಕವನ್ನೂ ಎಷ್ಟು ಚೆನ್ನಾಗಿ ನಟಿಸಿರುವನೆಂದು ಪ್ರೇಕ್ಷಕರು ಹೊಗಳಿದರಂತೆ. ಆ ಮೂಲ ತುಣುಕು ಉಳಿದಿಲ್ಲವಾದರೂ ಅದರ ತತ್ವ ಉಳಿದಿದೆ. ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಮೆಚ್ಚಿ ವಿವರಿಸುತ್ತಿದ್ದನು, ಬಳಸಿಕೊಳ್ಳುತ್ತಲೂ ಇದ್ದನು.

ಅವನ 'ಸೈಕೋ' (೧೯೬೦) ಚಿತ್ರದ ನಾರ್ಮನ್ ಬೇಟ್ಸನನ್ನು ನೋಡಿ. ತೆಳ್ಳಗಿನ ಮೈ, ನಾಚಿಕೆಯ ನಗು, ಮಾತಿನಲ್ಲಿ ತೊದಲು. ಖಳನೆಂಬ ಗುರುತು ಒಂದೂ ಇಲ್ಲ. ಇದಕ್ಕೂ ಹಿಂದೆ ೧೯೩೧ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ 'ಎಂ' ಎಂಬ ಚಿತ್ರದಲ್ಲಿ ಮಕ್ಕಳನ್ನು ಕೊಲ್ಲುವವನ ಪಾತ್ರವನ್ನು ದುಂಡುಮುಖದ, ಮಗುವಿನಂತಹ ಕಣ್ಣುಗಳ ಪೀಟರ್ ಲೋರೆಗೆ ಕೊಟ್ಟಿದ್ದನು. ಅವನ ಮುಖವಾಗಲಿ ಉಡುಪಾಗಲಿ ಏನನ್ನೂ ಹೇಳದು. ಕೊನೆಗೆ ಬೇರೊಬ್ಬನು ಅಂಗೈಯಲ್ಲಿ ಸೀಮೆಸುಣ್ಣದಿಂದ ಒಂದು ಅಕ್ಷರ ಬರೆದುಕೊಂಡು ಅವನ ಕೋಟಿನ ಹೆಗಲಿಗೆ ಒತ್ತುತ್ತಾನೆ. ಬೆನ್ನಿನ ಮೇಲೆ ಅಕ್ಷರ ಹೊತ್ತು ಅವನು ಬೀದಿಯಲ್ಲಿ ಓಡತೊಡಗಿದಾಗಲೇ ವೇಷವು ಪಾತ್ರವನ್ನು ಕೂಡಿಕೊಳ್ಳುವುದು. ನಮಗೆ ತಿಳಿದ ಮಟ್ಟಿಗೆ ವೇಷಭೂಷಣವನ್ನು ಇದಕ್ಕಿಂತ ಮಿತವಾಗಿ ಬಳಸಿದ ಥ್ರಿಲ್ಲರ್ ಇನ್ನೊಂದಿಲ್ಲ.

ಚಿನಕುರಳಿಯ ಭಿಕ್ಷುಕ

ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ ೧೭೭೧ರ ಮಾರ್ಚಿಯಲ್ಲಿ ಹೈದರನ ಸೈನ್ಯ ಮರಾಠರಿಂದ ಪೂರ್ಣವಾಗಿ ಸೋತಿತು. ಚೆಲ್ಲಾಪಿಲ್ಲಿಯಾದ ಸೈನ್ಯದ ನಡುವಿನಿಂದ ಟಿಪ್ಪು ಪಾರಾದುದು ಹೇಗೆ? ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಹೇಳುವಂತೆ, ದೇಶಾಟನೆಯ ಭಿಕ್ಷುಕನ ವೇಷ ಧರಿಸಿ, ಒಬ್ಬ ನಂಬಿಕೆಯ ಸಂಗಾತಿಯೊಡನೆ ಶ್ರೀರಂಗಪಟ್ಟಣವನ್ನು ಸೇರಿದನು. ರಾಜಕುಮಾರನನ್ನು ಹಿಡಿಯಲು ಹೊರಟವರ ಕಣ್ಣು ರೇಷ್ಮೆಯನ್ನೂ ಕುದುರೆಯನ್ನೂ ಹುಡುಕುತ್ತಿತ್ತು. ಹರಕು ಬಟ್ಟೆಯೊಳಗಿನ ಮುಖವನ್ನು ಅದು ನೋಡಲೇ ಇಲ್ಲ.

ಉಡುಪಿಗೆ ಇಷ್ಟು ಅಧಿಕಾರವಿರುವುದನ್ನು ಅಮೆರಿಕದ ಬಿಕ್‌ಮನ್ ೧೯೭೪ರಲ್ಲಿ ಬೀದಿಯಲ್ಲೇ ಅಳೆದನು. ಒಬ್ಬನೇ ಮನುಷ್ಯ ಸಾಮಾನ್ಯ ಕೋಟಿನಲ್ಲಿ, ಹಾಲು ಮಾರುವವನ ಉಡುಪಿನಲ್ಲಿ, ಕಾವಲುಗಾರನ ಸಮವಸ್ತ್ರದಲ್ಲಿ ನಿಂತು, ದಾರಿಹೋಕರಿಗೆ 'ಆ ಕಾಗದದ ಚೀಲವನ್ನು ಎತ್ತಿ' ಎಂಬಂತಹ ಅಪ್ಪಣೆ ಮಾಡಿದನು. ಸಮವಸ್ತ್ರದವನ ಮಾತನ್ನು ಕೇಳಿದವರೇ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ದೂರವಾಣಿಯ ತೆರೆಯ ಮೇಲೆ ಪೊಲೀಸ್ ಸಮವಸ್ತ್ರದಲ್ಲಿ ಕಾಣಿಸಿಕೊಂಡು, 'ನಿಮ್ಮನ್ನು ಬಂಧಿಸಲಾಗಿದೆ' ಎಂದು ಹೆದರಿಸಿ ಹಣ ಕೀಳುವ ವಂಚಕರು ಬಳಸುವುದೂ ಇದೇ ಬಲವನ್ನು. ಅವರು ಪತ್ತೇದಾರಿ ಚಿತ್ರಗಳನ್ನು ಗಮನವಿಟ್ಟು ನೋಡಿರಬೇಕು.

ಮುಖ ನೋಡಿ ಮಣೆ ಹಾಕುವುದಕ್ಕೆ ನಮಗೆ ಬೇಕಾಗುವ ಕಾಲವೆಷ್ಟು? ಅಪರಿಚಿತನ ಮುಖವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗ ತೋರಿಸಿದರೆ ಸಾಕು, ಅವನು ನಂಬಿಕೆಗೆ ಅರ್ಹನೋ ಅಲ್ಲವೋ ಎಂದು ಜನರು ತೀರ್ಮಾನಿಸಿಬಿಡುತ್ತಾರೆ ಎಂದು ವಿಲಿಸ್ ಮತ್ತು ತೋದೊರೊವ್ ೨೦೦೬ರಲ್ಲಿ ಕಂಡರು. ಹೆಚ್ಚು ಹೊತ್ತು ಕೊಟ್ಟರೆ ತೀರ್ಮಾನ ಬದಲಾಗುವುದಕ್ಕಿಂತ ಅದರ ಮೇಲಿನ ಭರವಸೆಯೇ ಬೆಳೆಯಿತು. ಆ ತೀರ್ಮಾನ ಸರಿಯೆ ಎಂಬುದು ಬೇರೆ ಪ್ರಶ್ನೆ. ಅದೇ ವರ್ಷ ಬಾಂಡ್ ಮತ್ತು ಡಿಪಾಲೊ, ಸುಳ್ಳನ್ನು ಪತ್ತೆ ಹಚ್ಚುವ ಪ್ರಯೋಗಗಳಲ್ಲಿ ಭಾಗವಹಿಸಿದ ೨೪,೦೦೦ಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ನೂರಕ್ಕೆ ೫೪ ಸಲ ಮಾತ್ರ ಉತ್ತರ ಸರಿಯಾಗಿತ್ತು. ನಾಣ್ಯವನ್ನು ಚಿಮ್ಮಿ ಹೇಳಿದರೂ ೫೦ ಸಲ ಸರಿಯಾಗುತ್ತದೆ!

ಇಷ್ಟು ದುರ್ಬಲವಾದ ಕಣ್ಣಿಗೆ ಚಿತ್ರರಂಗವು ದಶಕಗಳಿಂದ ಪಾಠ ಹೇಳುತ್ತ ಬಂದಿದೆ. ಕೆನ್ನೆಯ ಮೇಲಿನ ಗಾಯದ ಗುರುತು, ಬೋಳುತಲೆ, ಮಾಲುಗಣ್ಣು, ಕುಂಟು ಕಾಲು, ಕಪ್ಪು ಮೈಬಣ್ಣ; ಖಳನನ್ನು ಬೇಗನೆ ಗುರುತಿಸಲೆಂದು ಈ ಚಿಹ್ನೆಗಳನ್ನು ಹಚ್ಚುವುದು ಸುಲಭದ ದಾರಿ. ಅಮೆರಿಕದ ಚರ್ಮವೈದ್ಯರು ೨೦೧೭ರಲ್ಲಿ ಅಲ್ಲಿನ ಹತ್ತು ಪ್ರಸಿದ್ಧ ಖಳರನ್ನು ಪರೀಕ್ಷಿಸಿದಾಗ ಆರು ಮಂದಿಯ ಚರ್ಮದಲ್ಲಿ ಅಥವಾ ಕೂದಲಿನಲ್ಲಿ ಇಂತಹ ಚಿಹ್ನೆಗಳನ್ನು ಕಂಡರು. ೨೦೧೮ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಮುಖದ ಗಾಯವನ್ನು ದುಷ್ಟತನದ ಗುರುತಾಗಿ ಬಳಸುವ ಚಿತ್ರಗಳಿಗೆ ಧನಸಹಾಯ ನೀಡುವುದಿಲ್ಲವೆಂದು ಸಾರಿತು. ನಮ್ಮಲ್ಲಿ ಅಂತಹ ಆಲೋಚನೆ ಇನ್ನೂ ಬಲವಾಗಿ ಮೂಡಿಲ್ಲವೆಂದೇ ನಾವು ಹೇಳಬೇಕಾಗಿದೆ. ಸುಟ್ಟಗಾಯದ ಮುಖವುಳ್ಳ ಹುಡುಗಿಯೊಬ್ಬಳು ನಮ್ಮ ತರಗತಿಯಲ್ಲಿ ಕುಳಿತು ಅದೇ ಚಿತ್ರವನ್ನು ನೋಡುತ್ತಿರಬಹುದೆಂಬುದು ಬರೆಯುವವರಿಗೆ ಹೊಳೆಯುವುದಿಲ್ಲ.

ಚಿತ್ರಮಂದಿರದ ಹೊರಗೆ ಈ ಅಭ್ಯಾಸದ ಬೆಲೆ ದೊಡ್ಡದು. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲುಗಳಲ್ಲಿ ಹರಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ಪರರಾಜ್ಯದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆಯ ಮಕ್ಕಳಿಗೆ ಚಾಕೊಲೇಟು ಹಂಚಿದ ಗೆಳೆಯರ ಗುಂಪಿನ ಮೇಲೆ ಜನ ಬಿದ್ದರು. ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತನು. ಎರಡೂ ಕಡೆ ಸತ್ತವರು ನಿರಪರಾಧಿಗಳು. ಊರಿಗೆ ಹೊಸ ಮುಖ, ಹೊಸ ಉಡುಪು, ಕೈಯಲ್ಲಿ ಮಿಠಾಯಿ: ಇದಿಷ್ಟೇ ಅವರ ವಿರುದ್ಧವಿದ್ದ ಸಾಕ್ಷ್ಯ.

ಇನ್ನು ವಿದ್ಯಾರ್ಥಿ ಮಿತ್ರರು ತಾವೇ ಮಾಡಿ ನೋಡಬಹುದಾದ ಒಂದು ಪ್ರಯೋಗ. ಮೊದಲು ನೋಡದಿರುವ ಒಂದು ಪತ್ತೇದಾರಿ ಚಿತ್ರವನ್ನು ಆರಿಸಿಕೊಳ್ಳಿ. ಹತ್ತು ಮಂದಿ ಕುಳಿತು ಮೊದಲ ಹದಿನೈದು ನಿಮಿಷ ದನಿಯಿಲ್ಲದೆ ನೋಡಿ. ಆಮೇಲೆ ಒಬ್ಬರನ್ನೊಬ್ಬರು ಕೇಳದೆ, ಅಪರಾಧಿ ಯಾರೆಂದು ನಿಮಗೆ ತೋರುವುದೋ ಅವನ ಹೆಸರನ್ನೂ, ಹಾಗೆ ತೋರಲು ಕಾರಣವಾದ ಒಂದು ಗುರುತನ್ನೂ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಿ. ಅಂಗಿಯ ಬಣ್ಣವೋ, ಕುಳಿತ ಭಂಗಿಯೋ, ಕಣ್ಣೋ, ಗಾಯವೋ, ಇದ್ದುದನ್ನು ಇದ್ದಂತೆ ಬರೆಯಬೇಕು. ಅನಂತರ ದನಿಯೊಡನೆ ಚಿತ್ರವನ್ನು ಕೊನೆಯವರೆಗೂ ನೋಡಿ ಚೀಟಿಗಳನ್ನು ಬಿಡಿಸಿ, ಸರಿಯಾದುವೆಷ್ಟು, ತಪ್ಪಾದುವೆಷ್ಟು ಎಂದು ಎಣಿಸಿ. ಎರಡು ಬಗೆಯ ಚೀಟಿಗಳಲ್ಲೂ ಬರೆದಿರುವ ಗುರುತುಗಳನ್ನು ಬೇರೆ ಬೇರೆ ಪಟ್ಟಿ ಮಾಡಿ ಅಕ್ಕಪಕ್ಕದಲ್ಲಿ ಇಡಿ. ಐದಾರು ಚಿತ್ರಗಳಾದ ಮೇಲೆ ಆ ಎರಡು ಪಟ್ಟಿಗಳಲ್ಲಿ ಎಷ್ಟು ವ್ಯತ್ಯಾಸ ಉಳಿಯುವುದೆಂದು ನೋಡಿ.